ಪಾದರಸದೊಳಗಿನ ಗಾಳಿ

ಮರ್ಡೊ ಗೆಡೆಸ್ ತಟ್ಟುವ ಮೊದಲೇ ನೆಟ್ಟಾ ಗೋವನ್ಸ್ ಬಾಗಿಲು ತೆರೆದಳು. ಬೆಳಗಿನಿಂದ ಕಿಟಕಿಯ ಬಳಿಯೇ ಕೂತಿದ್ದಳೆಂದು ಕಾಣುತ್ತದೆ.

"ಹತ್ತಕ್ಕೆ ಬರ್ತೀನಿ ಅಂದಿದ್ದೆ. ಹತ್ತೂಕಾಲಾಯ್ತು. ಊರಿನ ಗಡಿಯಾರ ರಿಪೇರಿ ಮಾಡೋನೇ ಹೀಗಾದ್ರೆ ಹೇಗೆ?"

"ಬೇರೆಯವರದ್ದು ನೋಡ್ತಾ ನೋಡ್ತಾ ನನ್ನದೇ ನಿಂತುಹೋಗುತ್ತೆ, ಮಿಸೆಸ್ ಗೋವನ್ಸ್."

"ಕಾಲು ಒರೆಸ್ಕೊಂಡು ಬಾ ಹುಡುಗ."

ಐವತ್ತನಾಲ್ಕು ವರ್ಷದ ಹುಡುಗ ಕಾಲು ಒರೆಸಿಕೊಂಡು ಒಳಗೆ ಬಂದ. ಫೈಫ್ ಕರಾವಳಿಯ ಈ ಪುಟ್ಟ ಬಂದರಿನಲ್ಲಿ ಅವನ ಅಪ್ಪನ ಕಾಲದಿಂದಲೂ ಅದೇ ಕಸುಬು: ಗಡಿಯಾರ ಮತ್ತು ಪಾದರಸದ ಏರಿಳಿತದಲ್ಲಿ ಹವೆ ತೋರಿಸುವ ಬ್ಯಾರೋಮೀಟರ್, ಊರವರ ಬಾಯಲ್ಲಿ ಬರೀ 'ಗಾಜು'. ಗಿರಾಕಿಗಳು ಮಾತ್ರ ಬದಲಾಗಿದ್ದರು. ಈಗ ಎಡಿನ್‌ಬರೋದಿಂದ ಸಂಗ್ರಹಕಾರರು ಕಾರಿನಲ್ಲಿ ಬರುತ್ತಾರೆ. ದೋಣಿ ಬಿಡಬೇಕೋ ಬೇಡವೋ ಎಂದು ಹೇಳುತ್ತಿದ್ದ ವಸ್ತು ತಮ್ಮ ಮೆಟ್ಟಿಲ ಪಕ್ಕದ ಗೋಡೆಗೆ ಒಪ್ಪುತ್ತದೆಯೇ ಎಂದು ನೋಡುತ್ತಾರೆ. ಗುರುವಾರ ಪ್ರಿಂಗಲ್ ಎಂಬ ವಕೀಲರು ನೆಟ್ಟಾಳ ಬ್ಯಾರೋಮೀಟರನ್ನು ಒಯ್ಯಲಿದ್ದರು. ದಾರಿಯಲ್ಲಿ ಪಾದರಸ ಕುಲುಕಿ ಕೊಳವೆ ಒಡೆಯದಂತೆ ಭದ್ರ ಮಾಡಿಕೊಡುವುದು ಮರ್ಡೊನ ಕೆಲಸ.

ಅದು ಅಡುಗೆಮನೆಯ ಗೋಡೆಯ ಮೇಲೆ, ಒಲೆಗೆ ದೂರವಾಗಿ ತೂಗುತ್ತಿತ್ತು. ಎದೆಯೆತ್ತರದ ಓಕ್ ಮರದ ಕವಚ, ನಡುವೆ ಗಾಜಿನ ಕೊಳವೆ, ಮೇಲ್ತುದಿಯಲ್ಲಿ ದಂತದ ಫಲಕ. ಮರ್ಡೊ ಸ್ಕ್ರೂಡ್ರೈವರ್ ತೆಗೆದ.

"ತಡಿ," ಎಂದಳು ನೆಟ್ಟಾ. "ಮುಟ್ಟೋ ಮೊದಲು ಒಂದು ಹೇಳು. ಇದು ಸರಿಯಿದೆಯೋ, ಕೆಟ್ಟಿದೆಯೋ?"

"ಪ್ರಿಂಗಲ್ ಕೇಳಿದ್ರಾ?"

"ಅವನಿಗೆ ಮರ ಹೊಳೆದರೆ ಸಾಕು. ನನಗೆ ಬೇಕು."

ಅವಳು ಕುರ್ಚಿಯ ಬೆನ್ನು ಹಿಡಿದು ನಿಂತೇ ಹೇಳಿದಳು. ಮೂವತ್ತು ವರ್ಷಕ್ಕೂ ಹಿಂದೆ, 1933ರ ವಸಂತದಲ್ಲಿ ಗೋಡೆಗೆ ಸುಣ್ಣ ಬಳಿಯಲೆಂದು ಅವಳೇ ಇದನ್ನು ಕೆಳಗಿಳಿಸಿ ಹಾಸಿಗೆಯ ಮೇಲೆ ಅಡ್ಡ ಮಲಗಿಸಿದ್ದಳು. ಬ್ಯಾರೋಮೀಟರನ್ನು ಅಡ್ಡ ಮಲಗಿಸಿದರೆ ಕೊಳವೆಗೆ ಗಾಳಿ ನುಗ್ಗುತ್ತದೆಂದು ಈ ಊರಿನ ಮಕ್ಕಳಿಗೂ ಗೊತ್ತು. ಆದರೆ ಗಂಡ ರಾಬ್ ಸಮುದ್ರದಲ್ಲಿದ್ದ, ಸುಣ್ಣ ಕಲಸಿಟ್ಟಾಗಿತ್ತು. ಅವನು ಬರುವಷ್ಟರಲ್ಲಿ ಮತ್ತೆ ತೂಗುಹಾಕಿದಳು, ಏನೂ ಹೇಳಲಿಲ್ಲ. ಆಮೇಲೆ ಪಾದರಸ ಯಾವಾಗಲೂ ಕೆಳಗೇ ಇರುತ್ತಿತ್ತು. ಆಕಾಶ ತಿಳಿಯಾಗಿದ್ದರೂ ಬಿರುಗಾಳಿ ಎನ್ನುತ್ತಿತ್ತು. ರಾಬ್ ಅದಕ್ಕೆ ಅಳುಬುರುಕಿ ಎಂದು ಹೆಸರಿಟ್ಟ.

"ಅದೇ ವರ್ಷ ನವೆಂಬರ್‌ನಲ್ಲಿ ಆ ದಿನ ಬೆಳಿಗ್ಗೆ ನೋಡಿದ. 'ಅಳುಬುರುಕಿ ಮತ್ತೆ ಶುರು ಮಾಡಿದಳು ನೋಡೆ' ಅಂದ. ನಕ್ಕೊಂಡೇ ಹೋದ. ದೋಣಿಗೆ ಸ್ಯಾಂಡಿ ಐಟ್ಕನ್‌ನನ್ನೂ ಕರ್ಕೊಂಡು ಹೋದ."

ಇಬ್ಬರೂ ಮರಳಲಿಲ್ಲ. ಅದು ಮರ್ಡೊನಿಗೂ ಗೊತ್ತಿತ್ತು. ಊರಿನಲ್ಲಿ ಉಳಿದುಕೊಂಡ ಮಾತೂ ಗೊತ್ತಿತ್ತು: ರಾಬ್ ಗೋವನ್ಸ್ ಮೊಂಡ, ಗಾಜಿನಲ್ಲಿ ಪಾದರಸ ಇಳಿಯುತ್ತಿರುವುದನ್ನು ಕಣ್ಣಾರೆ ಕಂಡೂ ಸ್ಯಾಂಡಿಯನ್ನು ಸಾವಿಗೆ ಎಳೆದೊಯ್ದ. ಸ್ಯಾಂಡಿಯ ತಮ್ಮ ಡೇವಿ ಅಂದಿನಿಂದ ನೆಟ್ಟಾಳನ್ನು ಕಂಡರೆ ರಸ್ತೆ ದಾಟುತ್ತಾನೆ.

"ಮೊಂಡ ಅಂದ್ರು. ಅನ್ನಲಿ ಅಂತ ಬಿಟ್ಟೆ," ಎಂದಳು ನೆಟ್ಟಾ. "ಗಾಜು ಕೆಡಿಸಿದ್ದು ನಾನು ಅಂತ ಹೇಳೋದಕ್ಕಿಂತ ಅದೇ ಸುಲಭ ಆಗಿತ್ತು. ಗುರುವಾರ ಇದು ಹೋಗುತ್ತೆ, ಆಮೇಲೆ ಕೇಳೋಕೆ ಏನೂ ಉಳಿಯಲ್ಲ. ಅದಕ್ಕೇ ಕೇಳ್ತಿದೀನಿ."

ಮರ್ಡೊ ಬ್ಯಾರೋಮೀಟರನ್ನು ಗೂಟದಿಂದ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿದ. ಕೊಳವೆಯ ತಲೆಯಲ್ಲಿ ಏನೂ ಇಲ್ಲದಿದ್ದರೆ ಪಾದರಸ ಗಾಜಿಗೆ ತಾಗಿ ಟಕ್ಕೆಂದು ಲೋಹದ ಸದ್ದಾಗಬೇಕು. ಇಲ್ಲಿ ಆದದ್ದು ಒದ್ದೆ ಬಟ್ಟೆ ಬಿದ್ದಂಥ ಸದ್ದು.

"ಗಾಳಿ ಸೇರಿದೆ, ಪಾದರಸನ ಕೆಳಗೆ ಒತ್ತುತ್ತಿದೆ," ಎಂದ. ಮರೆಮಾಚುವಂಥದ್ದು ಅದರಲ್ಲಿರಲಿಲ್ಲ. ಸದ್ದು ಅವಳಿಗೂ ಕೇಳಿಸಿತ್ತು.

"ಹಾಗಾದ್ರೆ ನಾನೇ."

ಅವಳು ಕೂತಳು. ಅಳಲಿಲ್ಲ. ಮರ್ಡೊ ಬ್ಯಾರೋಮೀಟರನ್ನು ನೆಟ್ಟಗೆ ಮೇಜಿಗೆ ಒರಗಿಸಿ, ಸುಮ್ಮನಿರಲಾಗದೆ ಹಿಂಬದಿಯ ಹಲಗೆಯ ಸ್ಕ್ರೂ ಬಿಚ್ಚಿದ.

ಹಲಗೆಯ ಒಳಮೈ ಮೇಲೆ ರಿಪೇರಿಯವರು ಪೆನ್ಸಿಲಿನಲ್ಲಿ ಹೆಸರು, ದಿನ, ಮಾಡಿದ ಕೆಲಸ ಬರೆಯುವುದು ವಾಡಿಕೆ. ಮಾಲೀಕರಿಗೆ ಅದು ಕಾಣುವುದಿಲ್ಲ. ಮುಂದೆ ಬಿಚ್ಚುವವನಿಗೆ ಮಾತ್ರ. ನಾಲ್ಕು ಸಾಲುಗಳಿದ್ದವು. ಕೊನೆಯದು ತನ್ನದೇ ಅಕ್ಷರ ಎಂದು ಓದುವ ಮೊದಲೇ ಅವನಿಗೆ ತಿಳಿಯಿತು. ಎಂ. ಗೆಡೆಸ್. ಅಕ್ಟೋಬರ್ 1932. ಹೊಸ ಕೊಳವೆ.

ಆ ಶನಿವಾರ ನೆನಪಾಯಿತು. ಹೊಸ ಕೊಳವೆಗೆ ಪಾದರಸ ತುಂಬಿದ ಮೇಲೆ ಅದನ್ನು ಕೆಂಡದ ಮೇಲೆ ಇಂಚಿಂಚಾಗಿ ಕುದಿಸಬೇಕು, ಗಾಜಿಗೆ ಅಂಟಿದ ಗಾಳಿಯೆಲ್ಲ ಹೊರಗೆ ಹೋಗುವವರೆಗೆ. ಮೂರು ತಾಸಿನ ಕೆಲಸ. ಮೂರರಲ್ಲಿ ಒಂದು ಕೊಳವೆ ಸಿಡಿಯುತ್ತದೆ. ಅಪ್ಪ ಡಂಡೀ ಪಟ್ಟಣಕ್ಕೆ ಹೋಗಿದ್ದರು. ಪಕ್ಕದೂರಿನಲ್ಲಿ ಡಾನ್ಸ್ ಇತ್ತು. ಮನೆಯ ಗೋಡೆಗೆ ತೂಗುವ ಗಾಜು, ಯಾರು ನೋಡುತ್ತಾರೆ ಎಂದುಕೊಂಡು ಕುದಿಸದೆ ಮುಚ್ಚಿದ್ದ.

ಟಾರ್ಚ್ ಹಚ್ಚಿ ಭೂತಗನ್ನಡಿ ಹಿಡಿದ. ಅಡ್ಡ ಮಲಗಿಸಿದಾಗ ನುಗ್ಗುವ ಗಾಳಿ ಒಂದೇ ಗುಳ್ಳೆಯಾಗಿ ಸೀದಾ ಮೇಲೇರುತ್ತದೆ, ದಾರಿಯಲ್ಲಿ ನಿಲ್ಲುವುದಿಲ್ಲ. ಇಲ್ಲಿ ಕೊಳವೆಯ ಉದ್ದಕ್ಕೂ ರಾಗಿ ಚೆಲ್ಲಿದ ಹಾಗೆ ಸಣ್ಣ ಗುಳ್ಳೆಗಳು ಗಾಜಿಗೆ ಕಚ್ಚಿಕೊಂಡಿದ್ದವು. ಸುಣ್ಣ ಬಳಿದ ದಿನದ ಅಲುಗಾಟಕ್ಕೆ ಕೆಲವು ಕಳಚಿ ಮೇಲೇರಿರಬಹುದು. ಆದರೆ ಕುದಿಸದೆ ಆ ಗುಳ್ಳೆಗಳನ್ನು ಅಲ್ಲಿ ಉಳಿಸಿದವನು ಅವನೇ.

ಹಲಗೆಯನ್ನು ಮುಚ್ಚಿಬಿಡಬಹುದಿತ್ತು. ನಾಲ್ಕು ಸ್ಕ್ರೂ. ಒಲೆಯಲ್ಲಿ ಕಲ್ಲಿದ್ದಲು ಕುಸಿಯಿತು. ನೆಟ್ಟಾ ತಲೆಯೆತ್ತಲಿಲ್ಲ.

"ಮಿಸೆಸ್ ಗೋವನ್ಸ್, ಇದು ನನ್ನ ಕೆಲಸ," ಎಂದ. ಎಲ್ಲವನ್ನೂ ಹೇಳಿದ. ಡಾನ್ಸನ್ನೂ ಹೇಳಿದ.

ಅವಳು ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದಳು. "ನಿಮ್ಮಪ್ಪನೂ ಹೀಗೇ. ಯಾರ ಮನಸ್ಸೂ ನೋಯಿಸ್ತಿರಲಿಲ್ಲ. ಬೇಡಪ್ಪ, ನನ್ನದನ್ನ ನನ್ನ ಹತ್ರ ಬಿಡು. ಇಷ್ಟು ವರ್ಷ ಹೊತ್ತಿದೀನಿ, ಅಭ್ಯಾಸ ಆಗಿದೆ."

"ಸಮಾಧಾನಕ್ಕೆ ಹೇಳ್ತಿಲ್ಲ. ಬನ್ನಿ, ನೋಡಿ."

ಅವಳು ಒಲ್ಲದ ಮನಸ್ಸಿನಿಂದ ಎದ್ದು ಬಂದಳು. ಅವನು ಟಾರ್ಚ್ ಹಿಡಿದ, ಭೂತಗನ್ನಡಿಯನ್ನು ಅವಳೇ ಹಿಡಿದುಕೊಂಡಳು. ಗುಳ್ಳೆಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. ಆಮೇಲೆ ಹಲಗೆಯ ಮೇಲಿನ ಅಕ್ಷರವನ್ನು ನೋಡಿದಳು. ಬಹಳ ಹೊತ್ತು ಹಿಡಿಯಿತು.

"ಯಾರ ಜೊತೆ ಕುಣಿದೆ?"

"ಏನು?"

"ಆ ರಾತ್ರಿ. ಯಾರ ಜೊತೆ ಕುಣಿದೆ?"

ಮರ್ಡೊ ಯೋಚಿಸಿದ. ನಿಜಕ್ಕೂ ಯೋಚಿಸಿದ. "ನೆನಪಿಲ್ಲ."

"ನೆನಪಿಲ್ಲ," ಎಂದು ಅವಳು ಆ ಮಾತನ್ನೇ ಹಿಂದಿರುಗಿಸಿದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಭೂತಗನ್ನಡಿಯನ್ನು ಏಪ್ರನ್ನಿನಿಂದ ಒರೆಸಿ ಮೇಜಿನ ಮೇಲಿಟ್ಟಳು.

ನಂತರ ಬಾಗಿಲ ಹಿಂದಿನ ಕೋಟು ತೆಗೆದುಕೊಂಡಳು.

"ಎಲ್ಲಿಗೆ?"

"ಡೇವಿ ಐಟ್ಕನ್ ಮನೆಗೆ. ನೀನೂ ಬಾ. ಈಗ ನನಗೆ ಹೇಳಿದ್ದನ್ನ ಅವನಿಗೂ ಹೇಳು. ಆ ಹಲಗೆ ತಗೋ, ಇಲ್ಲದಿದ್ರೆ ಅವನು ನಂಬಲ್ಲ."

"ಪ್ರಿಂಗಲ್‌ಗೆ?"

"ಪ್ರಿಂಗಲ್ ಗುರುವಾರ ಬರ್ತಾನೆ. ಇವತ್ತು ಮಂಗಳವಾರ."

ಕಲ್ಲು ಹಾಸಿನ ಏರು ಓಣಿಯಲ್ಲಿ ಅವಳು ಮುಂದೆ, ಅವನು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದೆ. ಮೊದಲ ವಾಕ್ಯವನ್ನು ಹೇಗೆ ಆಡಬೇಕೆಂದು ಮರ್ಡೊ ಹೊಂದಿಸುತ್ತಲೇ ಇದ್ದ. ಯಾವುದೂ ಸರಿ ಕಾಣಲಿಲ್ಲ.

ನೆಟ್ಟಾ ಹಸಿರು ಬಾಗಿಲು ತಟ್ಟಿದಳು. ಡೇವಿ ತೋಳು ಮಡಚಿದ ಅಂಗಿಯಲ್ಲಿ ಬಂದು ನಿಂತ. ಅವಳನ್ನು ನೋಡಿ ಅವನ ಕೈ ಬಾಗಿಲ ಅಂಚಿಗೆ ಹೋಯಿತು, ಆದರೆ ಮುಚ್ಚಲಿಲ್ಲ. ಮರ್ಡೊ ಟೋಪಿ ತೆಗೆದು ಬಾಯಿ ತೆರೆದ.

"ನೀನಿರು," ಎಂದಳು ನೆಟ್ಟಾ. "ಡೇವಿ, ಕೂತ್ಕೊಂಡು ಕೇಳು. ಮೊದಲು ನನ್ನದಿದೆ. ಗಾಜು ಕೆಟ್ಟಿದೆ ಅಂತ ಗೊತ್ತಿದ್ದೂ ನಾನು ಬಾಯಿ ಮುಚ್ಚಿಕೊಂಡಿದ್ದೆ."