ಅಣ್ಣ ಸಾಯಿಸಿದ ಹಲ್ಲು

"ಬಾಯಿ ತೆಗೀತೀಯೋ, ಇಲ್ಲ ದವಡೆ ಮುರಿದು ತೆಗೀಲೋ?"

ಅಣ್ಣನ ಮೊಣಕಾಲು ನನ್ನ ಎದೆಯ ಮೇಲಿತ್ತು. ಕೈಯಲ್ಲಿ ಮೊಳೆ ಕೀಳುವ ಇಕ್ಕಳ. ಅರ್ಧ ಬಿಚ್ಚಿದ ಸೋಫಾದ ಮೇಲೆ ನನ್ನನ್ನು ಕೆಡವಿಕೊಂಡಿದ್ದ. ಸ್ಪ್ರಿಂಗುಗಳು ಬೆನ್ನಿಗೆ ಚುಚ್ಚುತ್ತಿದ್ದವು.

"ಮುಟ್ಟು ನೋಡೋಣ. ಬೆರಳು ಕಚ್ಚಿ ತುಂಡು ಮಾಡ್ತೀನಿ."

"ಯಾವ ಹಲ್ಲಲ್ಲಿ ಕಚ್ತೀಯೋ? ಆ ಕೊಳೆತಿರೋದ್ರಲ್ಲಾ? ಸತ್ತ ಹಲ್ಲಿಗೆ ಡಾಕ್ಟ್ರಂತೆ, ಎಕ್ಸ್‌ರೇ ಅಂತೆ! ಒಂದು ಎಳೆತ, ಮುಗೀತು."

"ಸಾಯ್ಸಿದ್ದು ಯಾರೋ?"

ಅವನು ಕಪಾಳಕ್ಕೆ ಬಾರಿಸಿದ. ಊದಿದ ಕಡೆಗೇ. ಕಣ್ಣು ಕತ್ತಲೆ ಬಂತು. ನಾನು ಕಾಲೆತ್ತಿ ಹೊಟ್ಟೆಗೆ ಒದ್ದೆ. ಅವನು ಹಿಂದಕ್ಕೆ ಹೋಗಿ ರೆಕ್ಸಿನ್ ಸುರುಳಿಗಳ ಮೇಲೆ ಬಿದ್ದ. ಒಳಗೆ ಓಡುತ್ತಿದ್ದ ಹೊಲಿಗೆ ಮಿಷನ್ ನಿಂತಿತು. ಅತ್ತಿಗೆ ಬಂದರು.

"ಹೊಡೆದಾಡ್ಕೊಂಡು ಸಾಯಿರಿ ಇಬ್ರೂ. ಆದ್ರೆ ಆ ಹಸಿರು ರೆಕ್ಸಿನ್ ಮೇಲೆ ರಕ್ತ ಬಿದ್ರೆ ಉಳಿದಿದ್ದನ್ನ ನಾನೇ ಮುಗಿಸ್ತೀನಿ. ಗಿರಾಕಿದು ಅದು."

ನಮ್ಮದು ಸೋಫಾ, ಕುರ್ಚಿಗಳಿಗೆ ಹೊದಿಕೆ ಹಾಕುವ ಕೆಲಸ. ಅಪ್ಪ ಬಿಟ್ಟುಹೋದ ಅಂಗಡಿ. ಅಣ್ಣ ಬಟ್ಟೆ ಕತ್ತರಿಸುತ್ತಾನೆ, ಅತ್ತಿಗೆ ಹೊಲಿಯುತ್ತಾರೆ, ನಾನು ಮೊಳೆ ಬಡಿಯುತ್ತೇನೆ. ಮದುವೆ ಗಿದುವೆ ಇಲ್ಲದವನು, ಹಿಂದಿನ ಕೋಣೆಯಲ್ಲೇ ನನ್ನ ವಾಸ. ಬಡಿಯುವವನಿಗೆ ಕೈ ಖಾಲಿ ಇರುವುದಿಲ್ಲ. ಒಂದು ಕೈ ಬಟ್ಟೆ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ. ಅದಕ್ಕೇ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಳ್ಳುವುದು. ನಾಲಗೆ ಒಂದೊಂದನ್ನೇ ತಿರುಗಿಸಿ ಮುಂದಿನ ಹಲ್ಲುಗಳ ನಡುವೆ ತಂದು ನಿಲ್ಲಿಸುತ್ತದೆ. ಅಯಸ್ಕಾಂತದ ಸುತ್ತಿಗೆ ಅದನ್ನು ತಲೆ ಹಿಡಿದು ಎತ್ತಿಕೊಳ್ಳುತ್ತದೆ. ಅಪ್ಪ ಕಲಿಸಿದ್ದು. ಬೇರೆ ಥರ ಬಡಿಯುವವನು ಅಣ್ಣನ ಕಣ್ಣಿಗೆ ಕೆಲಸಗಾರನೇ ಅಲ್ಲ.

ಕೆಲವು ವರ್ಷಗಳ ಹಿಂದೆ, ಬಟ್ಟೆಯ ಪಟ್ಟೆ ಸೊಟ್ಟಗೆ ಬಂತು ಅಂತ ಅಣ್ಣ ಸೋಫಾದ ಕಾಲು ತೆಗೆದು ನನ್ನ ಮುಖಕ್ಕೆ ಬೀಸಿದ. ಮೇಲಿನ ಮುಂದಿನ ಹಲ್ಲು ಅರ್ಧ ಮುರಿಯಿತು, ಉಳಿದರ್ಧ ನಿಂತಲ್ಲೇ ಸತ್ತಿತು. ಆಗ ಯಾವನೋ ಡಾಕ್ಟರು ನರ ತೆಗೆದು, ಬೇರಿನೊಳಗೆ ಲೋಹದ ಕಡ್ಡಿ ಇಳಿಸಿ, ಕ್ಯಾಪ್ ಕೂರಿಸಿದ. ಆಮೇಲೆ ವಸಡಿನಲ್ಲಿ ಗುಳ್ಳೆ ಏಳತೊಡಗಿತು. ಎದ್ದಾಗಲೆಲ್ಲ ಅಣ್ಣ ಸೋಫಾ ಹೊಲಿಯುವ ದಬ್ಬಳ ಸೂಜಿಯನ್ನು ಬೆಂಕಿಗೆ ಹಿಡಿದು ಚುಚ್ಚುತ್ತಿದ್ದ. ಕೀವು ಹರಿದು ನೋವು ನಿಲ್ಲುತ್ತಿತ್ತು. "ವಾಸಿಯಾಯ್ತು, ಏಳು, ಬಡಿ" ಅನ್ನುತ್ತಿದ್ದ. ವಾಸಿಯಾಯಿತು ಅಂತ ನಾನೂ ಎದ್ದು ಬಡಿಯುತ್ತಿದ್ದೆ. ಈ ಸಲ ಮಾತ್ರ ಮೂಗಿನ ಬುಡದವರೆಗೂ ಊದಿ, ಸೂಜಿಗೆ ಬಗ್ಗಲಿಲ್ಲ. ಅದಕ್ಕೇ ಇಕ್ಕಳ ತಂದಿದ್ದ.

ಅತ್ತಿಗೆ ನನ್ನನ್ನು ತೋಳು ಹಿಡಿದು ಎಳೆದುಕೊಂಡು ಹಲ್ಲಿನ ಆಸ್ಪತ್ರೆಗೆ ಹೋದರು. ಡಾಕ್ಟರು ಗಿಡ್ಡನೆಯ ಹೆಂಗಸು. ಕೈ ನೋಡಿದರೆ ನಿಂಬೆಹಣ್ಣು ಹಿಂಡಲೂ ಶಕ್ತಿಯಿಲ್ಲವೇನೋ ಅನ್ನಬೇಕು. ಎಕ್ಸ್‌ರೇ ನೋಡುತ್ತಾ ಕೇಳಿದರು:

"ಈ ಹಲ್ಲಿಗೆ ಏಟು ಬಿದ್ದಿತ್ತಾ?"

"ಸ್ಪ್ರಿಂಗ್ ಹಾರಿ ಬಡೀತು" ಅಂದೆ.

"ಸ್ಪ್ರಿಂಗಲ್ಲ ಡಾಕ್ಟ್ರೇ, ನನ್ನ ಗಂಡ" ಅಂದರು ಅತ್ತಿಗೆ.

ಡಾಕ್ಟರು ನಗಲಿಲ್ಲ. ಬೇರಿನ ತುದಿಯಲ್ಲಿ ದುಂಡಗೆ ಕಾಣುವ ಕಪ್ಪನ್ನು ತೋರಿಸಿದರು. "ಇಲ್ಲಿ ಮೂಳೆ ಇರ್ಬೇಕಿತ್ತು. ಸೋಂಕು ತಿಂದು ಹಾಕಿದೆ."

"ಗುಳ್ಳೆ ಒಡೆದ್ರೆ ನೋವು ಹೋಗ್ತಿತ್ತಲ್ಲ?"

"ನೋವು ಹೋಗುತ್ತೆ ಕಣ್ರೀ. ಕೀವಿಗೆ ದಾರಿ ಸಿಕ್ತು ಅಷ್ಟೆ. ಕಾಯಿಲೆ ಒಳಗೆ ಕೂತು ತಿಂತಾನೇ ಇರುತ್ತೆ."

"ಹಾಗಾದ್ರೆ ಕ್ಯಾಪ್ ತೆಗೆದು ಮತ್ತೆ ಕ್ಲೀನ್ ಮಾಡಿ."

"ಕ್ಯಾಪ್ ಒಳಗೆ ಕಡ್ಡಿ ಗಟ್ಟಿಯಾಗಿ ಕೂತಿದೆ. ಅದನ್ನ ಎಬ್ಬಿಸೋಕೆ ಹೋದ್ರೆ ಹಲ್ಲಿನ ಬೇರೇ ಸೀಳಬಹುದು. ಅದಕ್ಕೆ ಬೇರಿನ ತುದಿ ಕಡೆಯಿಂದ ಹೋಗ್ತೀನಿ. ವಸಡು ಬಿಡಿಸಿ, ಮೂಳೆಲಿ ಸಣ್ಣ ಕಿಂಡಿ ಮಾಡಿ, ಕೆಟ್ಟಿರೋದನ್ನ ಕೆರೆದು ತೆಗೀತೀನಿ. ಬೇರಿನ ತುದಿ ಸ್ವಲ್ಪ ಕತ್ತರಿಸಿ ಅಲ್ಲಿಂದ್ಲೇ ಮುಚ್ತೀನಿ. ಹಲ್ಲು ಇದ್ದ ಜಾಗದಲ್ಲೇ ಇರುತ್ತೆ."

ನನಗೆ ಥಟ್ಟನೆ ಹೊಳೆಯಿತು. "ಸೋಫಾ ತಲೆಕೆಳಗು ಮಾಡಿ, ತಳದ ಗೋಣಿ ಬಿಚ್ಚಿ, ಸ್ಪ್ರಿಂಗ್ ಹೊತ್ತಿರೋ ಪಟ್ಟಿಯ ಕೊಳೆತ ತುದಿ ಕತ್ತರಿಸಿ ಮತ್ತೆ ಮೊಳೆ ಬಡಿದ ಹಾಗೆ. ಮೇಲಿನ ಬಟ್ಟೆ ಮುಟ್ಟೋದೇ ಬೇಡ."

"ಹಾಗೇ ಅಂದ್ಕೊಳ್ಳಿ. ಆದ್ರೆ ಒಂದು ಮಾತು. ತೆರೆದು ನೋಡಿದಾಗ ಬೇರು ಉದ್ದಕ್ಕೆ ಬಿರುಕು ಬಿಟ್ಟಿದ್ರೆ ನಾನೇನೂ ಮಾಡಕ್ಕಾಗಲ್ಲ. ಕೀಳ್ಬೇಕು."

ಹಲ್ಲು ಕಿತ್ತರೆ ಸಾಯುವುದಿಲ್ಲ, ನನಗೂ ಗೊತ್ತು. ಆದರೆ ಇದು ಅಣ್ಣ ಹೊಡೆದು ಕೊಂದ ಹಲ್ಲು. ಅದನ್ನು ಕಿತ್ತು ಬಿಸಾಕಿ ಬಂದು, ಅವನು "ನಾನು ಹೇಳಲಿಲ್ವಾ" ಅಂತ ಹಲ್ಲು ಕಿಸಿಯುವುದನ್ನು ನೋಡುವುದು ನನ್ನಿಂದ ಆಗದ ಮಾತು. "ಮಾಡಿ" ಅಂದೆ.

ಮೊದಲು ಮಾತ್ರೆ ಕೊಟ್ಟು ಊತ ಇಳಿಸಿದರು, ಆಮೇಲೆ ಕರೆದರು. ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ನನ್ನದಲ್ಲ ಅನ್ನಿಸಿತು. ನೋವಿಲ್ಲ, ಆದರೆ ನಡೆಯುವುದೆಲ್ಲ ಗೊತ್ತಾಗುತ್ತದೆ. ವಸಡನ್ನು ಸೀಳಿ ಮೂಳೆಯಿಂದ ಸುಲಿದ ಶಬ್ದ, ಅಂಟಿಸಿದ ಹಳೆಯ ಬಟ್ಟೆ ಕಿತ್ತ ಹಾಗೆ. ಡ್ರಿಲ್ಲು ಮೂಳೆಗೆ ಇಳಿದಾಗ ತಲೆಬುರುಡೆಯೇ ಗುಂಯ್ ಅಂದಿತು. ರಕ್ತ ನಾಲಗೆಗೆ ಉಪ್ಪುಪ್ಪಾಗಿ ಇಳಿಯಿತು. ಕೆರೆದು ತೆಗೆದ ಕೊಳೆಯ ನಾತ ನನ್ನ ಮೂಗಿಗೇ ಬಡಿಯಿತು. ಜನ್ಮದಲ್ಲಿ ಯಾರೂ ನನ್ನ ಮುಖಕ್ಕೆ ಅಷ್ಟು ಹಿಂಸೆ ಕೊಟ್ಟಿರಲಿಲ್ಲ, ಅಣ್ಣನೂ. ಆದರೆ ಆ ಹೆಂಗಸಿನ ಕೈ ಬೇಕಾದ್ದಕ್ಕಿಂತ ಒಂದು ಕೂದಲೆಳೆ ಆಚೆ ಹೋಗಲಿಲ್ಲ.

ಕೈ ನಿಂತಿತು. ಡಾಕ್ಟರು ದೀಪ ಹತ್ತಿರ ಎಳೆದುಕೊಂಡು ಬಗ್ಗಿ ನೋಡಿದರು. ಬಿರುಕಿದ್ದರೆ ಎದ್ದು ಕಾಣಲಿ ಅಂತ ಬೇರಿಗೆ ನೀಲಿ ಬಣ್ಣ ಹಚ್ಚಿ ತೊಳೆದು ಮತ್ತೆ ನೋಡಿದರು. ನಾನು ಕುರ್ಚಿಯ ಕೈ ಹಿಡಿದು ಉಸಿರು ಕಟ್ಟಿ ಮಲಗಿದ್ದೆ.

"ಬಿರುಕಿಲ್ಲ" ಅಂದರು.

ಕಣ್ಣಲ್ಲಿ ನೀರು ಬಂತು. ಬೆವರು ಅಂತ ಒರೆಸಿಕೊಂಡೆ. ಕತ್ತರಿಸಿ ತೆಗೆದ ಬೇರಿನ ತುದಿ ಅಕ್ಕಿನುಚ್ಚಿನಷ್ಟಿತ್ತು. ಹೊಲಿಗೆ ಹಾಕಿ ಕಳಿಸುವಾಗ ಹೇಳಿದರು: "ತುಟಿ ಎತ್ತಿ ನೋಡ್ಬೇಡಿ. ಮುಂದಿನ ಹಲ್ಲಲ್ಲಿ ಕಚ್ಬೇಡಿ. ಮೊಳೆ ಅಂತೂ ಇನ್ಮೇಲೆ ಬಾಯಿಗೆ ಬೇಡ."

ಮಾರನೆಯ ದಿನ ಮುಖ ಕುಂಬಳಕಾಯಿಯಾಗಿತ್ತು. ಅದು ಸ್ವಲ್ಪ ಇಳಿದ ಮೇಲೆ ಕೆಲಸಕ್ಕೆ ಕೂತೆ. ಸಿನಿಮಾ ಮಂದಿರದ ಕುರ್ಚಿಗಳು ರಾಶಿ ಬಿದ್ದಿದ್ದವು. ಮೊಳೆಗಳನ್ನು ಡಬ್ಬಿಗೆ ಹಾಕಿ ಪಕ್ಕಕ್ಕಿಟ್ಟು, ಒಂದೊಂದೇ ಎತ್ತಿ ಬಡಿಯುತ್ತಿದ್ದೆ. ಬಟ್ಟೆ ಬಿಡಬೇಕು, ಮೊಳೆ ಎತ್ತಬೇಕು, ಮತ್ತೆ ಬಟ್ಟೆ ಎಳೆಯಬೇಕು. ನಿಧಾನವೇ, ಸುಳ್ಳು ಹೇಳುವುದಿಲ್ಲ.

ಅಣ್ಣ ಬಂದು ನೋಡುತ್ತಾ ನಿಂತ.

"ಏನೋ ಇದು, ಕೋಳಿ ಕಾಳು ಹೆಕ್ಕಿದ ಹಾಗೆ?"

"ಮೊಳೆ ಬಾಯಿಗೆ ಹಾಕ್ಬಾರ್ದಂತೆ."

"ಓಹೋ. ಎಲ್ಲಿ, ತೋರ್ಸು ನಿನ್ನ ರತ್ನಾನ." ಅಂದವನೇ ನನ್ನ ಮೇಲಿನ ತುಟಿ ಹಿಡಿದು ಎತ್ತಿದ.

"ಕೈ ತೆಗಿ ಅಣ್ಣ, ಹೊಲಿಗೆ ಇದೆ."

"ಅಪ್ಪ ಸಾಯೋವರೆಗೂ ಬಾಯಲ್ಲೇ ಇಟ್ಕೊಂಡು ಬಡಿದ. ನೀನೇನು ಮಹಾರಾಜನ ಮಗನೇನೋ?"

"ನಿನ್ನ ತಮ್ಮ. ಅದೇ ಕರ್ಮ."

ಹಾಗೆ ಅನ್ನಬಾರದಿತ್ತೋ ಏನೋ, ಅಂದೆ. ಅವನು ಡಬ್ಬಿಗೆ ಕೈ ಹಾಕಿ ಹಿಡಿ ತುಂಬ ಮೊಳೆ ಎತ್ತಿದ. ಇನ್ನೊಂದು ಕೈಯಲ್ಲಿ ನನ್ನ ದವಡೆ ಹಿಸುಕಿ ಬಾಯಿ ತೆರೆಸಿ, ಮೊಳೆಗಳನ್ನು ಒಳಗೆ ತುರುಕಿದ. ಅಂಗೈಯಿಂದ ಬಾಯಿ ಮುಚ್ಚಿ ಗೋಡೆಗೆ ಒತ್ತಿದ. "ಹಿಡಿ! ಹಿಡಿಯೋ! ಹಿಂಗೆ ಹಿಡಿಯೋದು!"

ಮೊಳೆಗಳು ನಾಲಗೆಗೆ, ಅಂಗುಳಿಗೆ ಇಳಿದವು. ತುಟಿಯ ಒಳಗೆ ಹೊಲಿಗೆ ಪಟ್ಟನೆ ಕಿತ್ತುಹೋದದ್ದು ಗೊತ್ತಾಯಿತು. ಮೊಣಕೈಯಲ್ಲಿ ಅವನ ಪಕ್ಕೆಗೆ ಗುದ್ದಿದೆ. ಅವನ ಹಿಡಿತ ಸಡಿಲವಾಯಿತು. ರಕ್ತ, ಮೊಳೆ ಎಲ್ಲ ಒಟ್ಟಿಗೆ ನೆಲಕ್ಕೆ ಉಗಿದೆ.

ಸುತ್ತಿಗೆ ಕೈಯಲ್ಲೇ ಇತ್ತು. ಅವನು ಪಕ್ಕೆ ಹಿಡಿದುಕೊಂಡು ಬಗ್ಗಿದ್ದ, ತಲೆ ನನ್ನ ಮುಂದೆಯೇ ಇತ್ತು. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಆದರೆ ನನ್ನ ಕೈ ಸುತ್ತಿಗೆಯನ್ನು ಕೆಳಗೆ ಹಾಕಿ ಬಾಯಿಗೆ ಹೋಯಿತು. ಹೆಬ್ಬೆರಳಿನಿಂದ ಹಲ್ಲನ್ನು ಮೆಲ್ಲಗೆ ಒತ್ತಿ ನೋಡಿದೆ. ಅಲ್ಲಾಡಲಿಲ್ಲ.

ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲ ಕಡೆ ನಡೆದೆ.

"ಹೋಗೋ ಹೋಗು" ಅಣ್ಣ ಹಿಂದಿನಿಂದ ಕೂಗಿದ. "ಎಷ್ಟು ಸಲ ಹೋಗಿಲ್ಲ ನೀನು! ಹೊಟ್ಟೆ ಹಸಿದ್ರೆ ಬಾಲ ಮುದುರ್ಕೊಂಡು ಬರ್ತೀಯ!"

ಅತ್ತಿಗೆ ಮಿಷನ್ ಬಿಟ್ಟು ಬಂದು ಅಡ್ಡ ನಿಂತಿದ್ದರು. ನನ್ನ ಬೆರಳ ಸಂದಿಯ ರಕ್ತ ನೋಡಿದರು, ನೆಲದ ಮೇಲಿನ ಮೊಳೆ ನೋಡಿದರು. ಹೆಗಲ ಮೇಲಿದ್ದ ಬಟ್ಟೆ ತೆಗೆದು ನನ್ನ ಕೈಗೆ ತುರುಕಿ ಪಕ್ಕಕ್ಕೆ ಸರಿದರು.

"ಬರ್ಬೇಡ" ಅಂದರು, ನನಗಷ್ಟೇ ಕೇಳುವ ಹಾಗೆ.

ಡಾಕ್ಟರು ಬೈಯುತ್ತಾ ಮತ್ತೆ ಹೊಲಿದರು. ಹಲ್ಲು ಉಳಿಯಿತು. ನಾನು ಆ ಅಂಗಡಿಯ ಹೊಸಿಲು ಮತ್ತೆ ತುಳಿಯಲಿಲ್ಲ.