ಯೂನುಸನ ತಾಯಿ

"ಹೆಂಡತಿ ಹೆಸರೇನು ಅಂತ ಮೂರನೇ ಸಲ ಕೇಳ್ತಿದೀನಿ," ಎಂದಳು ಅಧಿಕಾರಿ ಥೆಯೊನಿ, ಪೆನ್ನು ಕೆಳಗಿಟ್ಟು.

ನಾದಿರ್ ಅದನ್ನು ಅಫ್ಘಾನಿಸ್ತಾನದ ದರಿ ಭಾಷೆಗೆ ತಿರುಗಿಸಿದ. ದೇಶ ಬಿಟ್ಟು ಬಂದವರ ಅರ್ಜಿ ನೋಡುವ ಅಥೆನ್ಸಿನ ಈ ಆಶ್ರಯ ಕಚೇರಿಯಲ್ಲಿ ಆರು ವರ್ಷದಿಂದ ಅವನದು ಇದೇ ದುಭಾಷಿ ಕೆಲಸ.

ಎದುರಿಗೆ ಕೂತಿದ್ದ ಜುಮಾ ಕಿವಿಯವರೆಗೂ ಕೆಂಪಾದ. "ಹೇಳಿದ್ನಲ್ಲ ಅಣ್ಣಾ, ಯೂನುಸನ ತಾಯಿ ಅಂತ."

"ಅವಳ ಹೆಸರು ಬೇಕಂತೆ."

"ನಿಮ್ಮೆದುರಿಗೆ ಹೇಗೆ ಹೇಳ್ಲಿ? ನೀವು ನಮ್ಮ ಕಡೆಯ ಗಂಡಸರು. ಈಯಮ್ಮ ಒಬ್ಬರೇ ಇದ್ದಿದ್ರೆ ಹೇಳಿಬಿಡ್ತಿದ್ದೆ."

ಜುಮಾನ ಅರ್ಜಿ ನಿಂತಿದ್ದೇ ಆ ಹೆಂಡತಿಯ ಮೇಲೆ. ಊರ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಕೊಟ್ಟಳೆಂದು ಕೊಲೆ ಬೆದರಿಕೆ ಬಂದದ್ದು ಅವಳಿಗೆ. ಈಗ ಅವಳೂ ಮಕ್ಕಳೂ ಇರಾನಿನಲ್ಲಿ ಅಡಗಿಕೊಂಡು, ಇವನಿಗೆ ಆಶ್ರಯ ಸಿಕ್ಕರೆ ಕರೆಸಿಕೊಳ್ಳುತ್ತಾನೆಂದು ಕಾಯುತ್ತಿದ್ದರು.

ಜುಮಾ ಆಡಿದ್ದನ್ನೆಲ್ಲ ನಾದಿರ್ ಥೆಯೊನಿಗೆ ಹೇಳಿದ್ದರೆ ಸಾಕಿತ್ತು. ತಾನು ಎರಡು ನಿಮಿಷ ಬಾಗಿಲಾಚೆ ನಿಂತಿದ್ದರೆ ಜುಮಾ ಚೀಟಿಯಲ್ಲಿ ಹೆಸರು ಬರೆದುಬಿಡುತ್ತಿದ್ದ. ಆದರೆ ಹೋದ ವರ್ಷ ಥೆಯೊನಿ, "ನಿಮ್ಮ ಗಂಡಸರು ಹೆಂಡತಿ ಹೆಸರು ಹೇಳೋದೇ ಇಲ್ವಂತೆ! ನೀನೂನಾ?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. "ಛೇ, ಅವೆಲ್ಲ ಹಳೇ ಕಾಲದ್ದು. ಈಗ ಯಾರೂ ಹಾಗಿಲ್ಲ," ಎಂದು ಇವನೂ ಜೊತೆಗೆ ನಕ್ಕಿದ್ದ.

"ಏನಂತೆ?" ಎಂದಳು ಥೆಯೊನಿ.

"ಯೂನುಸನ ತಾಯಿ ಅಂತಾನೆ. ಅಷ್ಟೇ."

"ಅವಳಿಗೋಸ್ಕರ ದೇಶ ಬಿಟ್ಟನಂತೆ, ಹೆಸರೇ ಗೊತ್ತಿಲ್ಲ! ಒಳ್ಳೇ ಕಥೆ," ಎಂದು ಅವಳು ಬರೆದುಕೊಂಡಳು.

ಕೊನೆಗೆ ಹೇಳಿಕೆಯನ್ನು ಜುಮಾನಿಗೆ ಓದಿ ಹೇಳಬೇಕಾದವನೂ ನಾದಿರನೇ. 'ಹೆಂಡತಿಯ ಹೆಸರು ಗೊತ್ತಿಲ್ಲ' ಎಂದಿದ್ದ ಸಾಲಿಗೆ ಬಂದಾಗ, "ಹೆಂಡತಿಯ ಹೆಸರು ಹೇಳಲಿಲ್ಲ," ಎಂದು ಓದಿ ಮುಂದಕ್ಕೆ ಹೋದ.

ಜುಮಾ ನೆಮ್ಮದಿಯಿಂದ ಸಹಿ ಹಾಕಿದ. ಎದ್ದು ನಾದಿರನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. "ನನ್ನ ಮಾನ ಉಳಿಸಿದ್ರಿ ಅಣ್ಣಾ. ಯೂನುಸನ ತಾಯಿಗೆ ಹೇಳ್ತೀನಿ, ನಿಮಗೋಸ್ಕರ ದುವಾ ಮಾಡು ಅಂತ."

ನಾದಿರ್ ನಾಚಿಕೆಯಿಂದ ಹಿಡಿಯಷ್ಟಾದ. ಬಾಗಿಲು ಮುಚ್ಚಿಕೊಂಡಿತು. ಈಗಲೂ ಹೇಳಬಹುದಿತ್ತು, ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವನ ಮೊಬೈಲು ಗುಂಯ್‌ಗುಟ್ಟಿತು.

"ಹೆಂಡ್ತೀನಾ?" ಎಂದು ಥೆಯೊನಿ ನಕ್ಕಳು.

ತೆರೆಯ ಮೇಲೆ ಹೆಸರಿರಲಿಲ್ಲ. 'ಮನೆ' ಎಂದಷ್ಟೇ ಇತ್ತು. ನಾದಿರ್ ಮೊಬೈಲನ್ನು ಬೋರಲಾಗಿ ತಿರುಗಿಸಿಟ್ಟು, ಅದು ಸುಮ್ಮನಾಗುವವರೆಗೆ ಅದರ ಮೇಲೆ ಕೈಯಿಟ್ಟುಕೊಂಡು ಕೂತ.