ಪ್ಲಿಮತ್ತಿನಲ್ಲಿ ಎಂಟು ಗಂಟೆ

"ಕೈ ಒರೆಸ್ಕೊ ಅಕ್ಕ, ಬೆವರಿದ್ರೆ ಹಗ್ಗ ಜಾರತ್ತೆ," ಎಂದ ರೆಜ್.

ಅವನು ಹಳ್ಳಿಯ ಇಗರ್ಜಿಯಲ್ಲಿ ಗಂಟೆ ಬಾರಿಸುವ ಮೇಳದ ಯಜಮಾನ. ವರ್ಷಕ್ಕೊಂದು ಶನಿವಾರ ಮೇಳ ಕಟ್ಟಿಕೊಂಡು ಹೊರಟು, ಪರವೂರಿನ ಗೋಪುರ ಹತ್ತಿ ಅಲ್ಲಿಯ ಗಂಟೆ ಬಾರಿಸಿ ಭಾನುವಾರ ಮರಳುವುದು ಅವರ ಪದ್ಧತಿ. ಈ ಸಲ ಬಂದದ್ದು ಪ್ಲಿಮತ್ ಬಂದರಿಗೆ.

ಎನಿಡ್ ಲಂಗಕ್ಕೆ ಕೈ ಒರೆಸಿಕೊಂಡಳು. ಅರವತ್ತಾರನೇ ವಯಸ್ಸಿಗೆ ಹಗ್ಗ ಹಿಡಿದವಳು. ಎರಡು ವರ್ಷವಾದರೂ ರೆಜ್ ತನ್ನ ಬೆನ್ನ ಹಿಂದೆ ನಿಲ್ಲದೆ ಒಮ್ಮೆಯೂ ಬಾರಿಸಿರಲಿಲ್ಲ. ದೇವರ ಕೆಲಸಕ್ಕೆ ತಾನು ಅಡ್ಡಿಯಾಗಬಾರದು, ಈ ಪ್ರವಾಸ ಮುಗಿಸಿ ಮೇಳ ಬಿಟ್ಟುಬಿಡುತ್ತೇನೆ ಎಂದು ಬಸ್ಸಿನಲ್ಲೇ ಅವನಿಗೆ ಹೇಳಿದ್ದಳು. ಅಷ್ಟರಲ್ಲಿ ಮೊದಲ ಗಂಟೆಯ ರೂತ್ ದಾರಿಯ ತಿರುವುಗಳಿಗೆ ಹೊಟ್ಟೆ ತೊಳಸಿ ಕೆಳಗೆ ಬೆಂಚಿನ ಮೇಲೆ ಒರಗಿಬಿಟ್ಟಳು. ಗಂಟೆ ಎಂಟು; ರೂತ್‌ಳ ಹಗ್ಗಕ್ಕೆ ಎನಿಡ್ ನಿಂತರೇ ಎಂಟು ಜನ. ರೆಜ್ ದೊಡ್ಡ ಗಂಟೆಗೆ ಬೇಕು. ಎನಿಡಳ ಬೆನ್ನ ಹಿಂದೆ ಈಗ ಬರೀ ಗೋಡೆ.

"ಇಷ್ಟು ದೂರ ಬಂದದ್ದು ಪಟ್ಣದವ್ರಿಗೆ ಪಾತ್ರೆ ಬೀಳೋ ಸದ್ದು ಕೇಳ್ಸೋಕಾ?" ಎಂದ ನಾಲ್ಕನೆಯ ಗಂಟೆಯ ಡೆನ್ಜಿಲ್. ಮೂವತ್ತು ವರ್ಷ ಪಳಗಿದ ಕೈ ಅವನದು.

"ನೀ ನಿನ್ ಹಗ್ಗ ನೋಡ್ಕೊ ಮಾರಾಯ," ಎಂದ ರೆಜ್.

ಎನಿಡ್ ತುಟಿಯೊಳಗೇ ಪ್ರಾರ್ಥಿಸಿ ಹಗ್ಗ ಎಳೆದಳು. ಅವಳ ಚಿಕ್ಕ ಗಂಟೆಯ ಹಿಂದೆ ಎರಡು, ಮೂರು, ಕೊನೆಗೆ ರೆಜ್‌ನ ದೊಡ್ಡದು. ಎಂಟೂ ಸ್ವರಗಳು ಮೆಟ್ಟಿಲಿಳಿದಂತೆ ಇಳಿದವು. ನಾಲ್ಕು ಸುತ್ತಾದ ಮೇಲೆ ಗಂಟೆಗಳ ಸರದಿ ಬದಲಿಸಲು ರೆಜ್ ಕೂಗಿದ: "ನಾಲ್ಕು, ಐದರ ಹಿಂದೆ!"

ಎನಿಡ್ ಯಾವಾಗ ತಪ್ಪುತ್ತಾಳೋ ಎಂದು ಅವಳನ್ನೇ ನೋಡುತ್ತಿದ್ದ ಡೆನ್ಜಿಲ್‌ಗೆ ಕೂಗು ಕೇಳಲಿಲ್ಲ. ಹಳೆಯ ಜಾಗದಲ್ಲೇ ಎಳೆದ. ಐದನೆಯದು ಅದಕ್ಕೆ ಡಿಕ್ಕಿ ಹೊಡೆಯಿತು, ಆರನೆಯದು ತಡವರಿಸಿತು, ಅಟ್ಟದಿಂದ ಕೊಪ್ಪರಿಗೆ ಉರುಳಿದಂತೆ ಸದ್ದೆಲ್ಲ ಕಲಸಿಹೋಯಿತು.

ನಿಲ್ಲಿಸಿಬಿಡಲೇ ಎಂದಿತು ಎನಿಡಳ ಮನಸ್ಸು. ಆದರೆ ಹಗ್ಗ ಅಂಗೈಯಲ್ಲಿ ಮೇಲೇರುತ್ತಿತ್ತು. ತಲೆಯ ಮೇಲೆಲ್ಲೋ ಅವಳ ಗಂಟೆ ತನ್ನ ಪಾಡಿಗೆ ತಾನು ತಿರುಗಿ, ಹೊತ್ತಿಗೆ ಸರಿಯಾಗಿ ಎಳೆತ ಬೇಡಿತು. ಕೊಟ್ಟಳು. ಮತ್ತೆ ಬೇಡಿತು, ಮತ್ತೆ ಕೊಟ್ಟಳು.

"ಒಂದನ್ನ ಕೇಳ್ರೋ, ಒಂದನ್ನ," ಎಂದ ರೆಜ್.

ಎರಡು ಅವಳ ಹಿಂದೆ ಬಂದು ಸೇರಿತು. ಮೂರು ಸೇರಿತು. ಕಿವಿ ಕೆಂಪಾಗಿಸಿಕೊಂಡು ಡೆನ್ಜಿಲ್ ಐದರ ಹಿಂದೆ ಬಂದ. ಮೆಟ್ಟಿಲು ಮತ್ತೆ ಸರಿಹೋಯಿತು. ಅರ್ಧ ಗಂಟೆ ಬಾರಿಸಿದರು. ಗೋಪುರದ ಕಲ್ಲೆಲ್ಲ ಸಣ್ಣಗೆ ತೂಗುತ್ತಿತ್ತು.

"ಪಾತ್ರೆ ಬೀಳ್ಸಿದ್ದು ನಾನೇ," ಎಂದ ಡೆನ್ಜಿಲ್, ಹಗ್ಗ ಸುತ್ತಿಡುತ್ತ. "ಸಂಜೆ ನಿನ್ ಬಿಯರ್ ದುಡ್ಡು ನಂದು, ಅಕ್ಕ."

"ಒಂದೇ ಬಿಯರ್‌ಗೆ ಬಿಡೋ ತಪ್ಪಲ್ಲಪ್ಪ ಅದು."

ರೆಜ್ ನಕ್ಕ. "ಮೇಳ ಬಿಡ್ತೀನಿ ಅಂದ್ಯಲ್ಲ, ಯಾವಾಗಿಂದ?"

"ಯಾರಂದಿದ್ದು?" ಎಂದಳು ಎನಿಡ್.

ಕೆಳಗಿಳಿದು ಬಂದಾಗ ಬಂದರಿನ ಕಡೆಯ ಕಲ್ಲುಕಟ್ಟೆಯ ಮೇಲೆ ಮುದುಕನೊಬ್ಬ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಗೋಪುರದತ್ತ ಮುಖವೆತ್ತಿ ಕೂತಿದ್ದ. ಗಂಟೆ ನಿಂತು ಎಷ್ಟೋ ಹೊತ್ತಾಗಿತ್ತು. ಸದ್ದಿಗೆ ಹಾರಿಹೋಗಿದ್ದ ಕಡಲಹಕ್ಕಿಗಳು ಒಂದೊಂದಾಗಿ ಮರಳಿ ಗೋಪುರದ ಅಂಚಿಗೆ ಬಂದು ಕೂರುತ್ತಿದ್ದವು.